ಕ್ಯೂಓಎಸ್ ಆನ್ ಮಾಡಿದ ಮೇಲೂ ಕರೆಯಲ್ಲಿ ಮಾತು ತುಂಡಾಗುವುದು ಯಾಕೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ 24 ಪೋರ್ಟಿನ ಎರಡು ಮ್ಯಾನೇಜ್ಡ್ ಗಿಗಾಬಿಟ್ ಸ್ವಿಚ್‌ಗಳಿವೆ. ಎರಡಕ್ಕೂ ನಡುವೆ ಇರುವುದು ಒಂದೇ ಕೇಬಲ್. ಮೊದಲನೆಯ ಸ್ವಿಚ್‌ನಲ್ಲಿ ಐಪಿ ಫೋನ್‌ಗಳು, ಪ್ರತಿ ಫೋನಿನ ಹಿಂದಿನ ಪೋರ್ಟಿಗೆ ಒಂದೊಂದು ಕಂಪ್ಯೂಟರ್. ಫೋನ್ ಇಲ್ಲದೆ ನೇರ ಸ್ವಿಚ್‌ಗೆ ಹಾಕಿರುವ ಕೆಲವು ಕಂಪ್ಯೂಟರ್‌ಗಳೂ ಅದರಲ್ಲೇ ಇವೆ. ಎರಡನೆಯದರಲ್ಲಿ ಫೋನ್ ಸರ್ವರ್, ಫೈಲ್ ಸರ್ವರ್, ಬ್ಯಾಕಪ್ ಇಡುವ ನ್ಯಾಸ್, ಇಂಟರ್ನೆಟ್ ರೂಟರ್. ಕಂಪ್ಯೂಟರ್‌ಗಳ ಬ್ಯಾಕಪ್ ಶುರುವಾದರೆ ಸಾಕು, ನಮ್ಮ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳಿಸುತ್ತದೆ. ಅವರ ಮಾತು ಮಾತ್ರ ನಮಗೆ ಸರಿಯಾಗಿಯೇ ಕೇಳಿಸುತ್ತದೆ. ಕ್ಯೂಓಎಸ್ (ಯಾವ ಟ್ರಾಫಿಕ್ ಮೊದಲು ಹೋಗಬೇಕು ಎಂದು ಹೇಳುವ ಸೌಲಭ್ಯ) ಆನ್ ಮಾಡಿ, ಫೋನ್ ಇರುವ ಪೋರ್ಟ್‌ಗಳಿಗೆಲ್ಲ ಪ್ರಯಾರಿಟಿ 7 ಕೊಟ್ಟು, ಕ್ಯೂಗಳನ್ನೆಲ್ಲ (ಪ್ಯಾಕೆಟ್‌ಗಳು ಕಾಯುವ ಸಾಲುಗಳು) ಸ್ಟ್ರಿಕ್ಟ್ ಪ್ರಯಾರಿಟಿಗೆ ಹಾಕಿದೆ. ಮಾತು ಸರಿಯಾಗಲಿಲ್ಲ. ಮೇಲಾಗಿ ಈಗ ಫೋನ್ ಇಲ್ಲದ ಕಂಪ್ಯೂಟರ್‌ಗಳಿಂದ ಫೈಲ್ ಸರ್ವರ್‌ಗೆ ಏನಾದರೂ ಸೇವ್ ಮಾಡಲು ಹೋದರೆ ನಿಂತೇ ಬಿಡುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಮಾತು ಅವರಿಗೆ ತುಂಡಾಗುತ್ತದೆ, ಅವರ ಮಾತು ನಿಮಗೆ ಚೆನ್ನಾಗಿದೆ ಎಂದಿರಲ್ಲ, ಈ ಒಂದು ಸಾಲು ತುಂಬಾ ಬೆಲೆಯುಳ್ಳದ್ದು. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಮಾತು ಎರಡು ದಿಕ್ಕಿನಲ್ಲೂ ಬೇರೆ ಬೇರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಒಂದು ದಿಕ್ಕು ಮಾತ್ರ ಹಾಳಾಗಿದೆ ಎಂದರೆ ಆ ದಿಕ್ಕಿನಲ್ಲೇ ಎಲ್ಲೋ ದಾರಿ ತುಂಬಿದೆ. ಬ್ಯಾಕಪ್ ಹೋಗುವುದು ಮೊದಲ ಸ್ವಿಚ್‌ನಿಂದ ಎರಡನೆಯದಕ್ಕೆ. ನಿಮ್ಮ ಮಾತು ಹೋಗುವುದೂ ಅದೇ ಕಡೆಗೆ, ಅದೇ ಒಂದು ಕೇಬಲ್‌ನಲ್ಲಿ. ಹಾಗಾಗಿ ಇಕ್ಕಟ್ಟು ಇರುವುದು ಮೊದಲ ಸ್ವಿಚ್‌ನ ಅಪ್‌ಲಿಂಕ್ ಪೋರ್ಟಿನಲ್ಲಿ (ಎರಡನೆಯ ಸ್ವಿಚ್‌ಗೆ ಹೋಗುವ ಕೇಬಲ್ ಹಾಕಿರುವ ಪೋರ್ಟ್), ಅದೂ ಹೊರಹೋಗುವ ದಿಕ್ಕಿನಲ್ಲಿ. ಬ್ಯಾಕಪ್ ನ್ಯಾಸ್‌ನಲ್ಲೇ ನಿಲ್ಲುತ್ತದೆ, ಇಂಟರ್ನೆಟ್‌ಗೆ ಹೋಗುವುದಿಲ್ಲ. ಆದ್ದರಿಂದ ರೂಟರ್ ಮೇಲೆ ಸದ್ಯಕ್ಕೆ ಅನುಮಾನ ಬೇಡ.

ಕ್ಯೂಓಎಸ್ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಸಾಲು ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕಿ, ಆಮೇಲೆ ಸೆಟ್ಟಿಂಗ್ ಮುಟ್ಟಿ. ಕ್ಯೂಓಎಸ್ ಹೊಸದಾಗಿ ಬ್ಯಾಂಡ್‌ವಿಡ್ತ್ ಕೊಡುವುದಿಲ್ಲ. ಒಂದು ಪೋರ್ಟಿನಿಂದ ಹೊರಗೆ ಹೋಗಬೇಕಾದದ್ದು ಅದರ ವೇಗಕ್ಕಿಂತ ಜಾಸ್ತಿ ಬಂದಾಗ ಯಾರು ಮುಂದೆ ಹೋಗಬೇಕು, ಯಾರು ಕಾಯಬೇಕು, ಜಾಗ ಸಾಲದಿದ್ದರೆ ಯಾರನ್ನು ಬಿಸಾಕಬೇಕು ಎಂದು ತೀರ್ಮಾನಿಸುವುದಷ್ಟೇ ಅದರ ಕೆಲಸ. ಸಾಲೇ ಇಲ್ಲದ ಪೋರ್ಟಿನಲ್ಲಿ ಏನು ಸೆಟ್ ಮಾಡಿದರೂ ಒಂದೇ. ನೀವು ಫೋನ್ ಪೋರ್ಟ್‌ಗಳಲ್ಲಿ ಸೆಟ್ ಮಾಡಿದ್ದೀರಿ, ಆದರೆ ಕಾದಾಟ ನಡೆಯುತ್ತಿರುವುದು ಅಪ್‌ಲಿಂಕ್‌ನಲ್ಲಿ.

ಇನ್ನು ನೀವು ಮಾಡಿದ ಸೆಟ್ಟಿಂಗ್‌ಗೆ ಬರೋಣ. ಫೋನ್ ಇರುವ ಪೋರ್ಟಿಗೆ ಪ್ರಯಾರಿಟಿ 7 ಕೊಟ್ಟಾಗ ಆ ಪೋರ್ಟಿನಿಂದ ಒಳಗೆ ಬಂದದ್ದಕ್ಕೆಲ್ಲ 7 ಸಿಗುತ್ತದೆ. ಬರೀ ಮಾತಿಗಲ್ಲ. ಫೋನಿನ ಹಿಂದೆ ಕಂಪ್ಯೂಟರ್ ಇದೆ ಅಲ್ವಾ? ಅದರ ಬ್ಯಾಕಪ್ಪೂ ಅದೇ ಪೋರ್ಟಿನಿಂದ ಬರುತ್ತದೆ, ಅದಕ್ಕೂ 7. ಅಂದರೆ ಮಾತನ್ನು ಯಾವುದರಿಂದ ಕಾಪಾಡಬೇಕಿತ್ತೋ ಅದನ್ನೇ ಮಾತಿನ ಪಕ್ಕದಲ್ಲಿ ಕೂರಿಸಿದಂತಾಯಿತು. ಎರಡೂ ಒಂದೇ ಕ್ಯೂನಲ್ಲಿವೆ, ಮೊದಲಿದ್ದ ಜಗಳ ಈಗ ಮೇಲಿನ ಕ್ಯೂನಲ್ಲಿ ನಡೆಯುತ್ತಿದೆ. ಸ್ಟ್ರಿಕ್ಟ್ ಪ್ರಯಾರಿಟಿ ಎಂದರೆ ಮೇಲಿನ ಕ್ಯೂ ಪೂರ್ತಿ ಖಾಲಿಯಾಗುವವರೆಗೆ ಕೆಳಗಿನವುಗಳಿಗೆ ಸರದಿಯೇ ಬರುವುದಿಲ್ಲ. ಬ್ಯಾಕಪ್ ನಡೆಯುವಷ್ಟು ಹೊತ್ತು ಮೇಲಿನ ಕ್ಯೂ ಖಾಲಿಯಾಗುವುದಿಲ್ಲ. ಫೋನ್ ಇಲ್ಲದ ಕಂಪ್ಯೂಟರ್‌ಗಳಿಂದ ಬಂದದ್ದು 0 ಪ್ರಯಾರಿಟಿಯಲ್ಲಿ ಕೆಳಗಿನ ಕ್ಯೂಗೆ ಬಿತ್ತು, ಅಲ್ಲೇ ಉಳಿಯಿತು. ಫೈಲ್ ಸೇವ್ ಆಗದೆ ನಿಲ್ಲುತ್ತಿರುವುದು ಅದಕ್ಕೇ. ಸ್ವಿಚ್ ಕೆಟ್ಟಿಲ್ಲ, ನೀವು ಹೇಳಿದ್ದನ್ನು ಅದು ಅಕ್ಷರಶಃ ಪಾಲಿಸುತ್ತಿದೆ.

7 ಎಂಬ ಅಂಕಿ ಕೂಡ ಮಾತಿಗಲ್ಲ. ವಿಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್; ಅದನ್ನು ಗುರುತಿಸಲು ಪ್ಯಾಕೆಟ್‌ಗೆ ಅಂಟಿಸುವ ವಿಲ್ಯಾನ್ ಟ್ಯಾಗ್‌ನೊಳಗೆ ಪ್ರಯಾರಿಟಿಗೆಂದು 3 ಬಿಟ್ ಜಾಗ ಇದೆ, ಅದಕ್ಕೇ 0ಯಿಂದ 7ರವರೆಗೆ ಎಂಟು ಅಂಕಿ. ರೂಢಿಯಲ್ಲಿ 7 ಮತ್ತು 6 ನೆಟ್‌ವರ್ಕ್‌ನ ಸ್ವಂತ ಕೆಲಸಕ್ಕೆ, 5 ಮಾತಿಗೆ, 4 ವಿಡಿಯೋಗೆ. ಇಲ್ಲಿ ಇನ್ನೊಂದು ವಿಚಿತ್ರ ಇದೆ: ಈ ಟ್ಯಾಗ್‌ನ 802.1ಕ್ಯೂ ನಿಯಮದಲ್ಲಿ 1 ಎಂಬುದು 0ಗಿಂತ ಕೆಳಗೆ. 0 ಸಾಮಾನ್ಯ ಟ್ರಾಫಿಕ್, 1 ಹಿನ್ನೆಲೆಯಲ್ಲಿ ನಿಧಾನವಾಗಿ ನಡೆಯುವ ಕೆಲಸ. 0ಗಿಂತ 1 ದೊಡ್ಡದಲ್ವಾ ಎಂದುಕೊಂಡು ಮುಖ್ಯವಾದ ಟ್ರಾಫಿಕ್‌ಗೆ 1 ಕೊಟ್ಟವರು ಅದನ್ನು ಎಲ್ಲರಿಗಿಂತ ಹಿಂದೆ ತಳ್ಳಿರುತ್ತಾರೆ. ಕ್ಯೂ ನಂಬರ್‌ನಲ್ಲೂ ಹೀಗೇ ಎಚ್ಚರ ಬೇಕು. ಸಿಸ್ಕೋದ ಹಳೆಯ ಕ್ಯಾಟಲಿಸ್ಟ್ 2960, 3750ಗಳಲ್ಲಿ ನಾಲ್ಕು ಕ್ಯೂ, ಅದರಲ್ಲಿ 1ನೆಯದೇ ಪ್ರಯಾರಿಟಿ ಕ್ಯೂ. ಬೇರೆ ಎಷ್ಟೋ ಸ್ವಿಚ್‌ಗಳಲ್ಲಿ ದೊಡ್ಡ ನಂಬರಿನ ಕ್ಯೂ ಮೇಲಿನದು. ನಿಮ್ಮ ಮಾಡೆಲ್‌ನ ಗೈಡ್ ತೆರೆದು ಈ ಒಂದು ವಿಷಯ ನೋಡದೆ ಮುಂದೆ ಹೋಗಬೇಡಿ.

ಮಾತಿಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು ಎಂಬ ಲೆಕ್ಕ ಒಮ್ಮೆ ಮಾಡಿಬಿಡೋಣ, ಆಗ ಉಳಿದದ್ದೆಲ್ಲ ಸುಲಭ. ಜಿ.711 ಕೋಡೆಕ್‌ನಲ್ಲಿ (ಮಾತನ್ನು ಡಿಜಿಟಲ್ ಮಾಡುವ ವಿಧಾನ) ಮಾತು 64 ಕೆಬಿಪಿಎಸ್. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅಂದರೆ ಸೆಕೆಂಡಿಗೆ 50. ಒಂದರಲ್ಲಿ 160 ಬೈಟ್ ಮಾತು, ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳ 40 ಬೈಟ್, ಈಥರ್‌ನೆಟ್‌ನ 18 ಬೈಟ್. ಒಟ್ಟು 218 ಬೈಟ್, ಅಂದರೆ 87.2 ಕೆಬಿಪಿಎಸ್. ಮೂವತ್ತು ಜನ ಒಟ್ಟಿಗೆ ಮಾತನಾಡಿದರೂ ಒಂದು ದಿಕ್ಕಿನಲ್ಲಿ 3 ಎಂಬಿಪಿಎಸ್ ದಾಟುವುದಿಲ್ಲ. ಗಿಗಾಬಿಟ್ ಅಪ್‌ಲಿಂಕ್‌ನಲ್ಲಿ ಇದು ಶೇ. 0.3ರಷ್ಟೂ ಇಲ್ಲ. ಹಾಗಾಗಿ ಮಾತಿಗೆ ಸ್ಟ್ರಿಕ್ಟ್ ಪ್ರಯಾರಿಟಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ, ಮಾತಿಗೆ ಮಾತ್ರ ಕೊಟ್ಟರೆ. ಬ್ಯಾಕಪ್, ವಿಡಿಯೋ, ಯಾರದ್ದೋ ಒತ್ತಾಯಕ್ಕೆ ಇನ್ನೊಂದು ಅಪ್ಲಿಕೇಶನ್ ಎಂದು ಆ ಕ್ಯೂಗೆ ಸೇರಿಸುತ್ತಾ ಹೋದರೆ ಅದು ಪ್ರಯಾರಿಟಿ ಕ್ಯೂ ಆಗಿ ಉಳಿಯುವುದೇ ಇಲ್ಲ.

ಗಿಗಾಬಿಟ್ ಎಲ್‌ಎಎನ್‌ನಲ್ಲಿ ಮಾತು ಹಾಳಾಗುವುದು ತಡವಾಗಿ ಅಲ್ಲ, ಪ್ಯಾಕೆಟ್ ಕಳೆದುಹೋಗಿ. 1500 ಬೈಟ್ ಪ್ಯಾಕೆಟ್ ಗಿಗಾಬಿಟ್ ಪೋರ್ಟಿನಿಂದ ಹೊರಹೋಗಲು 12 ಮೈಕ್ರೋಸೆಕೆಂಡ್ ಸಾಕು. ಪೋರ್ಟಿನ ಹಿಂದೆ 1 ಎಂಬಿ ಬಫರ್ (ಪ್ಯಾಕೆಟ್ ಕಾಯುವ ಜಾಗ) ಪೂರ್ತಿ ತುಂಬಿದ್ದರೂ ಅದು ಖಾಲಿಯಾಗಲು 8 ಮಿಲಿಸೆಕೆಂಡ್. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಮಾತಿಗೆ ತೊಂದರೆಯಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ತನ್ನ ಜಿ.114 ಶಿಫಾರಸಿನಲ್ಲಿ ಹೇಳುತ್ತದೆ. 8 ಮಿಲಿಸೆಕೆಂಡ್ ಅದರ ಮುಂದೆ ಏನೂ ಅಲ್ಲ. ಆದರೆ ಬಫರ್ ತುಂಬಿದ ಕ್ಷಣ ಆ ಕ್ಯೂಗೆ ಬಂದ ಪ್ಯಾಕೆಟ್ ಬಿದ್ದುಹೋಗುತ್ತದೆ, ಮತ್ತೆ ಬರುವುದಿಲ್ಲ. ಒಂದು ಪ್ಯಾಕೆಟ್ ಹೋದರೆ 20 ಮಿಲಿಸೆಕೆಂಡ್ ಮಾತು ಹೋಯಿತು. ಒಂದೆರಡು ಹೋದರೆ ಫೋನೇ ಅಂದಾಜಿನಲ್ಲಿ ತುಂಬಿಸಿಕೊಳ್ಳುತ್ತದೆ. ಸಾಲಾಗಿ ಐದಾರು ಹೋದರೆ ಒಂದು ಅಕ್ಷರವೇ ಮಾಯ, ನಿಮ್ಮ ಆ ಕಡೆಯವರು ಹೇಳುತ್ತಿರುವ ತುಂಡು ಅದೇ.

ಅಪ್‌ಲಿಂಕ್ ಗ್ರಾಫ್‌ನಲ್ಲಿ ಶೇ. 40 ಮಾತ್ರ ತೋರಿಸುತ್ತಿದೆ, ಅಲ್ಲಿ ಹೇಗೆ ತುಂಬುತ್ತದೆ ಎಂದು ನೀವು ಕೇಳಬಹುದು. ಗ್ರಾಫ್ ತೋರಿಸುವುದು ಸಾಮಾನ್ಯವಾಗಿ ಐದು ನಿಮಿಷದ ಸರಾಸರಿ. ಹತ್ತು ಕಂಪ್ಯೂಟರ್‌ಗಳು ಒಂದೇ ಕ್ಷಣದಲ್ಲಿ ಗಿಗಾಬಿಟ್ ವೇಗದಲ್ಲಿ ಕಳುಹಿಸಿದರೆ ಸಣ್ಣ ಬಫರ್ ಒಂದೆರಡು ಮಿಲಿಸೆಕೆಂಡಿನಲ್ಲಿ ತುಂಬಿ ಚೆಲ್ಲುತ್ತದೆ, ಮರುಕ್ಷಣ ಎಲ್ಲ ಖಾಲಿ. ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ. ಗ್ರಾಫ್ ಬಿಟ್ಟು ಅಪ್‌ಲಿಂಕ್ ಪೋರ್ಟಿನ ಡ್ರಾಪ್ ಕೌಂಟರ್ ನೋಡಿ. ಬ್ಯಾಕಪ್ ಶುರುವಾಗುವ ಮುಂಚೆ ಕೌಂಟರ್ ಸೊನ್ನೆ ಮಾಡಿ, ಶುರುವಾದ ಮೇಲೆ ಮತ್ತೆ ನೋಡಿ. ಹೊರಹೋಗುವ ಡ್ರಾಪ್ ಏರುತ್ತಿದ್ದರೆ ನಾನು ಹೇಳಿದ್ದು ಸರಿ. ಡ್ರಾಪ್ ಬದಲು ಸಿಆರ್‌ಸಿ ಎರರ್ ಅಥವಾ ಲೇಟ್ ಕೊಲಿಷನ್ ಏರುತ್ತಿದ್ದರೆ ಕಥೆಯೇ ಬೇರೆ, ಅದು ಕೇಬಲ್ ಅಥವಾ ಡುಪ್ಲೆಕ್ಸ್ ಸಮಸ್ಯೆ. ಅದನ್ನು ಕ್ಯೂಓಎಸ್‌ನಿಂದ ಸರಿಮಾಡಲು ಸಾಧ್ಯವಿಲ್ಲ.

ಈಗ ಸೆಟ್ಟಿಂಗ್. ಮೊದಲು ಪೋರ್ಟ್ ಪ್ರಯಾರಿಟಿ 7 ಎಲ್ಲ ಕಡೆ ತೆಗೆದುಹಾಕಿ. ಮಾತನ್ನು ಗುರುತಿಸುವುದು ಪೋರ್ಟ್ ನೋಡಿ ಅಲ್ಲ, ಪ್ಯಾಕೆಟ್ ನೋಡಿ. ಐಪಿ ಹೆಡರ್‌ನಲ್ಲಿ 6 ಬಿಟ್‌ನ ಡಿಎಸ್‌ಸಿಪಿ ಎಂಬ ಗುರುತು ಇರುತ್ತದೆ, 0ಯಿಂದ 63ರವರೆಗೆ. ಹೆಚ್ಚಿನ ಐಪಿ ಫೋನ್‌ಗಳು ಮಾತಿನ ಪ್ಯಾಕೆಟ್‌ಗೆ 46 ಎಂದು ತಾವೇ ಬರೆದು ಕಳುಹಿಸುತ್ತವೆ, ಇದನ್ನೇ ಇಎಫ್ ಎನ್ನುವುದು. ಕರೆ ಜೋಡಿಸುವ ಸಿಗ್ನಲಿಂಗ್‌ಗೆ 24, ಕೆಲವು ಹಳೆಯ ಫೋನ್‌ಗಳಲ್ಲಿ 26. ವಿಲ್ಯಾನ್ ಟ್ಯಾಗ್‌ನ ಪ್ರಯಾರಿಟಿಗಿಂತ ನನಗೆ ಡಿಎಸ್‌ಸಿಪಿ ಮೇಲೆಯೇ ಜಾಸ್ತಿ ಭರವಸೆ. ಟ್ಯಾಗ್ ಇಲ್ಲದ ಪೋರ್ಟಿನಲ್ಲಿ ಟ್ಯಾಗ್‌ನ ಜೊತೆ ಅದರ ಪ್ರಯಾರಿಟಿಯೂ ಹೋಗಿಬಿಡುತ್ತದೆ. ಡಿಎಸ್‌ಸಿಪಿ ಐಪಿ ಪ್ಯಾಕೆಟ್‌ನ ಒಳಗೇ ಇರುವುದರಿಂದ ಯಾರಾದರೂ ಅಳಿಸುವವರೆಗೆ ಕೊನೆಯವರೆಗೂ ಉಳಿಯುತ್ತದೆ.

ಯಾರಾದರೂ ಅಳಿಸುವವರೆಗೆ ಎಂದೆನಲ್ಲ, ಆ ಕೆಲಸವನ್ನು ಎಷ್ಟೋ ಸಲ ಸ್ವಿಚ್ಚೇ ಮಾಡುತ್ತದೆ. ಪೋರ್ಟ್ ತನಗೆ ಬರುವ ಗುರುತನ್ನು ನಂಬಬೇಕೋ ಬೇಡವೋ ಎಂಬ ಸೆಟ್ಟಿಂಗ್‌ಗೆ ಟ್ರಸ್ಟ್ ಎನ್ನುತ್ತಾರೆ. ಮೇಲೆ ಹೇಳಿದ 2960, 3750ಗಳಲ್ಲಿ ಕ್ಯೂಓಎಸ್ ಆಫ್ ಇದ್ದಾಗ ಗುರುತುಗಳು ಹಾಗೇ ದಾಟಿ ಹೋಗುತ್ತವೆ. ಆನ್ ಮಾಡಿದ ಕೂಡಲೇ ಎಲ್ಲ ಪೋರ್ಟ್‌ಗಳೂ ನಂಬದ ಸ್ಥಿತಿಗೆ ಬಂದು, ಬಂದ ಗುರುತನ್ನೆಲ್ಲ 0 ಮಾಡಿಬಿಡುತ್ತವೆ. ಜೊತೆಗೆ ಪೋರ್ಟಿನ ಬಫರ್ ನಾಲ್ಕು ಕ್ಯೂಗೂ ಶೇ. 25ರಂತೆ ಹಂಚಿಹೋಗುತ್ತದೆ. ಎಲ್ಲವೂ 0 ಆಗಿರುವುದರಿಂದ ಎಲ್ಲ ಟ್ರಾಫಿಕ್ ಒಂದೇ ಕ್ಯೂಗೆ ಬೀಳುತ್ತದೆ, ಅದಕ್ಕೆ ಸಿಗುವ ಬಫರ್ ಮುಂಚಿಗಿಂತ ಕಡಿಮೆ. ಸುಮ್ನೆ ಆನ್ ಮಾಡಿದ್ದಕ್ಕೇ ಡ್ರಾಪ್ ಜಾಸ್ತಿಯಾಯಿತು ಎಂದು ಜನ ಹೇಳುವುದು ಇದರಿಂದ, ಅದು ಭ್ರಮೆಯಲ್ಲ. ಹೊಸ ಕ್ಯಾಟಲಿಸ್ಟ್ 9000 ಸಾಲಿನಲ್ಲಿ ಇದು ತಿರುಗಿದೆ, ಗುರುತನ್ನು ನಂಬುವುದೇ ಅಲ್ಲಿ ಡೀಫಾಲ್ಟ್. ನಿಮ್ಮದು ಯಾವ ಕಂಪನಿಯದ್ದಾದರೂ ಸರಿ, ಡೀಫಾಲ್ಟ್ ಟ್ರಸ್ಟ್ ಏನು ಎಂದು ತಿಳಿದುಕೊಳ್ಳಿ.

ಯಾರನ್ನು ನಂಬಬೇಕು? ಎರಡು ಸ್ವಿಚ್‌ಗಳ ನಡುವಿನ ಪೋರ್ಟಿನಲ್ಲಿ ಎರಡೂ ತುದಿಯಲ್ಲಿ ಡಿಎಸ್‌ಸಿಪಿ ಟ್ರಸ್ಟ್ ಮಾಡಿ. ಫೋನ್ ಸರ್ವರ್ ಇರುವ ಪೋರ್ಟಿನಲ್ಲೂ ಮಾಡಿ. ನೇರ ಹಾಕಿರುವ ಕಂಪ್ಯೂಟರ್ ಪೋರ್ಟ್‌ಗಳಲ್ಲಿ ಬೇಡ, ಯಾವ ಅಪ್ಲಿಕೇಶನ್ ಬೇಕಾದರೂ ತನ್ನ ಪ್ಯಾಕೆಟ್‌ಗೆ 46 ಎಂದು ಬರೆದುಕೊಳ್ಳಬಹುದು. ಫೋನ್ ಮತ್ತು ಕಂಪ್ಯೂಟರ್ ಎರಡೂ ಒಂದೇ ಪೋರ್ಟಿನಲ್ಲಿ ಇರುವುದೇ ನಿಮ್ಮ ಕಷ್ಟದ ಜಾಗ. ಅದಕ್ಕೆ ಫೋನ್‌ಗಳನ್ನು ಬೇರೆ ವಾಯ್ಸ್ ವಿಲ್ಯಾನ್‌ಗೆ ಹಾಕಿ. ಎಲ್‌ಎಲ್‌ಡಿಪಿ-ಎಂಇಡಿ ಆನ್ ಇದ್ದರೆ ಫೋನ್ ತಾನೇ ಸ್ವಿಚ್‌ನಿಂದ ವಿಲ್ಯಾನ್ ನಂಬರ್, ಪ್ರಯಾರಿಟಿ ಎರಡನ್ನೂ ಕೇಳಿ ತಿಳಿದುಕೊಳ್ಳುತ್ತದೆ. ಆಮೇಲೆ ಆ ಪೋರ್ಟಿಗೆ ಒಳಬರುವ ದಿಕ್ಕಿನಲ್ಲಿ ಒಂದು ಪಾಲಿಸಿ: ವಾಯ್ಸ್ ವಿಲ್ಯಾನ್‌ನಿಂದ 46 ಎಂದು ಬಂದರೆ ಹಾಗೇ ಬಿಡು, 24 ಬಂದರೆ ಬಿಡು, ನ್ಯಾಸ್‌ನ ಐಪಿಗೆ ಹೋಗುವುದಾದರೆ 8 ಎಂದು ಬರೆ, ಉಳಿದದ್ದೆಲ್ಲ 0. ನೇರ ಹಾಕಿರುವ ಕಂಪ್ಯೂಟರ್‌ಗಳೂ ಬ್ಯಾಕಪ್ ಕಳುಹಿಸುತ್ತಿದ್ದರೆ ನ್ಯಾಸ್‌ನ ಆ ಸಾಲನ್ನು ಅವುಗಳ ಪೋರ್ಟಿಗೂ ಹಾಕಿ. ಸ್ವಿಚ್‌ನಲ್ಲಿ ಸೌಲಭ್ಯ ಇದ್ದರೆ ಪ್ರತಿ ಫೋನ್ ಪೋರ್ಟಿನ 46ಕ್ಕೆ 128 ಕೆಬಿಪಿಎಸ್ ಮಿತಿಯನ್ನೂ ಹಾಕಿ. ಒಂದು ಕರೆಗೆ ಅದು ಧಾರಾಳ. ಯಾರಾದರೂ ಕೇಬಲ್ ಬದಲಿಸಿ ತಪ್ಪು ಟ್ರಾಫಿಕ್ ತಂದರೂ ಮೇಲಿನ ಕ್ಯೂ ತುಂಬುವುದಿಲ್ಲ.

8 ಎಂಬುದು ಸಿಎಸ್1, ಮಿಕ್ಕವರ ಕೆಲಸ ಮುಗಿದ ಮೇಲೆ ಹೋಗಲಿ ಎನ್ನುವ ಟ್ರಾಫಿಕ್‌ಗೆ ಬಳಸುವ ಗುರುತು. ಬ್ಯಾಕಪ್‌ಗೆ ಇದಕ್ಕಿಂತ ಸರಿಯಾದ ಜಾಗ ಇಲ್ಲ. ನನ್ನನ್ನು ಕೇಳಿದರೆ ಮಾತನ್ನು ಮೇಲೆತ್ತುವುದು ಎಷ್ಟು ಮುಖ್ಯವೋ ಬ್ಯಾಕಪ್ಪನ್ನು ಕೆಳಗಿಳಿಸುವುದೂ ಅಷ್ಟೇ ಮುಖ್ಯ, ಯಾಕೆಂದರೆ ಫೈಲ್ ಸರ್ವರ್, ಬ್ರೌಸರ್, ಪ್ರಿಂಟರ್ ಎಲ್ಲ ಉಳಿದುಕೊಳ್ಳುವುದು ಅದರಿಂದಲೇ.

ಅಪ್‌ಲಿಂಕ್‌ನ ಹೊರಹೋಗುವ ಕ್ಯೂಗಳಿಗೆ ಸ್ಟ್ರಿಕ್ಟ್ ಮತ್ತು ವೆಯ್ಟೆಡ್ ರೌಂಡ್ ರಾಬಿನ್ (ಪ್ರತಿ ಕ್ಯೂಗೂ ಅದರ ಪಾಲಿನಷ್ಟು ಸರದಿ ಕೊಡುವುದು) ಎರಡೂ ಬೆರೆತ ವಿಧಾನ ಆರಿಸಿ. ಒಂದೇ ಒಂದು ಕ್ಯೂ ಸ್ಟ್ರಿಕ್ಟ್, ಅದಕ್ಕೆ 46 ಮಾತ್ರ. ಉಳಿದ ಮೂರಕ್ಕೆ ವೆಯ್ಟ್: ಸಿಗ್ನಲಿಂಗ್, ವಿಡಿಯೋ, ನೆಟ್‌ವರ್ಕ್‌ನ ಸ್ವಂತ ಟ್ರಾಫಿಕ್‌ಗೆ 3, ಸಾಮಾನ್ಯದ್ದಕ್ಕೆ 6, ಬ್ಯಾಕಪ್‌ಗೆ 1. ಈ ಅಂಕಿಗಳು ಶುರುಮಾಡಲು ಅಷ್ಟೇ, ನಿಮ್ಮ ಟ್ರಾಫಿಕ್ ನೋಡಿ ಬದಲಿಸಿಕೊಳ್ಳಿ. ಬ್ಯಾಕಪ್‌ಗೆ 1 ಕೊಟ್ಟರೆ ಅದು ರಾತ್ರಿಯೆಲ್ಲ ಮುಗಿಯುವುದಿಲ್ಲ ಎಂಬ ಹೆದರಿಕೆ ಬೇಡ. ವೆಯ್ಟ್ ಎಂದರೆ ಮಿತಿಯಲ್ಲ. ಬೇರೆ ಕ್ಯೂಗಳು ಖಾಲಿ ಇದ್ದರೆ ಪೂರ್ತಿ ಗಿಗಾಬಿಟ್ ಬ್ಯಾಕಪ್‌ಗೇ ಸಿಗುತ್ತದೆ, ಇಕ್ಕಟ್ಟಾದಾಗ ಮಾತ್ರ ಆ ಪಾಲಿನ ಲೆಕ್ಕ ಬರುತ್ತದೆ. ಡಿಎಸ್‌ಸಿಪಿಯಿಂದ ಕ್ಯೂಗೆ ಮ್ಯಾಪ್ ಮಾಡುವ ಟೇಬಲ್ ಕೂಡ ಒಮ್ಮೆ ನೋಡಿ, 8 ಮತ್ತು 0 ಎರಡೂ ಒಂದೇ ಕ್ಯೂಗೆ ಹೋಗುವಂತೆ ಡೀಫಾಲ್ಟ್ ಇದ್ದರೆ ಇಷ್ಟೆಲ್ಲ ಮಾಡಿದ್ದು ದಂಡ. ಇದೇ ಸೆಟ್ಟಿಂಗ್ ಎರಡನೆಯ ಸ್ವಿಚ್‌ನಲ್ಲೂ ಇರಲಿ, ಬ್ಯಾಕಪ್ ರಿಸ್ಟೋರ್ ಮಾಡುವ ದಿನ ಟ್ರಾಫಿಕ್ ಹಿಮ್ಮುಖವಾಗಿ ಹರಿಯುತ್ತದೆ. ಅದಕ್ಕಾಗಿ ನ್ಯಾಸ್ ಪೋರ್ಟಿನಿಂದ ಒಳಬರುವುದಕ್ಕೂ 8 ಬರೆಸಿ.

ಇನ್ನೊಂದು ಸೆಟ್ಟಿಂಗ್ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ: ಫ್ಲೋ ಕಂಟ್ರೋಲ್. 802.3ಎಕ್ಸ್ ಪಾಸ್ (pause) ಫ್ರೇಮ್ ಎಂದರೆ, ನನಗೆ ಸಾಕಾಗಿದೆ, ಸ್ವಲ್ಪ ನಿಲ್ಲಿಸು ಎಂದು ಒಂದು ತುದಿ ಇನ್ನೊಂದಕ್ಕೆ ಹೇಳುವುದು. ಅದು ಬ್ಯಾಕಪ್ ನಿಲ್ಲಿಸು, ಮಾತು ಬಿಡು ಎಂದು ಹೇಳುವುದಿಲ್ಲ, ಲಿಂಕನ್ನೇ ನಿಲ್ಲಿಸುತ್ತದೆ. ನ್ಯಾಸ್‌ನ ಡಿಸ್ಕ್ ನಿಧಾನವಾದರೆ ಅದು ಸ್ವಿಚ್‌ಗೆ ಪಾಸ್ ಕಳುಹಿಸುತ್ತದೆ. ಆ ಸ್ವಿಚ್‌ನ ಬಫರ್ ತುಂಬಿದಾಗ ಅದು ಅಪ್‌ಲಿಂಕ್ ಮೇಲೆ ಮೊದಲ ಸ್ವಿಚ್‌ಗೆ ಪಾಸ್ ಕಳುಹಿಸಬಹುದು. ಆಗ ನೀವು ಎಷ್ಟು ಚೆನ್ನಾಗಿ ಕ್ಯೂ ಮಾಡಿದ್ದರೂ ಮಾತಿನ ಪ್ಯಾಕೆಟ್ ಕೂಡ ಅಲ್ಲೇ ನಿಲ್ಲುತ್ತದೆ. ಕ್ಯೂಓಎಸ್ ಮಾಡುವ ಸ್ವಿಚ್‌ಗಳ ನಡುವೆ ಫ್ಲೋ ಕಂಟ್ರೋಲ್ ಆಫ್ ಇರಲಿ. ಪೋರ್ಟಿನ ಪಾಸ್ ಕೌಂಟರ್ ಏರುತ್ತಿದೆಯೇ ಎಂದೂ ಒಮ್ಮೆ ನೋಡಿಬಿಡಿ.

ನಿಮ್ಮ ಸ್ವಿಚ್‌ಗಳಲ್ಲಿ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಪೋರ್ಟ್ ಖಾಲಿ ಇದ್ದರೆ ಇವತ್ತೇ ಅಪ್‌ಲಿಂಕನ್ನು ಅದಕ್ಕೆ ಬದಲಿಸಿ. ಇಕ್ಕಟ್ಟನ್ನೇ ತೆಗೆದುಹಾಕುವುದು ಇಕ್ಕಟ್ಟಿನಲ್ಲಿ ಸಾಲು ಹಚ್ಚುವುದಕ್ಕಿಂತ ಯಾವಾಗಲೂ ಮೇಲು. ಆಗ ಇಕ್ಕಟ್ಟು ನ್ಯಾಸ್‌ನ ಪೋರ್ಟಿಗೆ ಸರಿಯುತ್ತದೆ, ಅಲ್ಲಿ ಮಾತು ಹಾಯುವುದೇ ಇಲ್ಲ. ಆದರೂ ಬಫರನ್ನು ಎಲ್ಲ ಪೋರ್ಟ್‌ಗಳೂ ಹಂಚಿಕೊಳ್ಳುವ ಸ್ವಿಚ್ ಆದರೆ ಒಂದು ಪೋರ್ಟ್ ಅದನ್ನೆಲ್ಲ ನುಂಗಿ ಪಕ್ಕದ ಪೋರ್ಟಿನ ಪ್ಯಾಕೆಟ್ ಬೀಳಿಸಬಹುದು, ಹಾಗಾಗಿ ಮೇಲಿನ ಗುರುತು ಹಾಕುವ ಕೆಲಸ ಬಿಡಬೇಡಿ. ಎರಡು ಗಿಗಾಬಿಟ್ ಕೇಬಲ್ ಸೇರಿಸಿ ಲಿಂಕ್ ಅಗ್ರಿಗೇಶನ್ ಮಾಡುವುದು ಎರಡನೆಯ ದಾರಿ. ಅಲ್ಲಿ ಒಂದು ಕನೆಕ್ಷನ್ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ, ಸ್ವಿಚ್ ಬರೀ ತಲುಪುವ ವಿಳಾಸ ನೋಡಿ ಹಂಚುವುದಾದರೆ ನ್ಯಾಸ್‌ಗೆ ಹೋಗುವುದೆಲ್ಲ ಒಂದೇ ಕೇಬಲ್‌ಗೆ ಬಿದ್ದು ಪ್ರಯೋಜನ ಕಡಿಮೆ.

ಮಾಡಿದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಹೀಗೆ. ಅಪ್‌ಲಿಂಕನ್ನು ಇನ್ನೊಂದು ಪೋರ್ಟಿಗೆ ಮಿರರ್ ಮಾಡಿ (ಅದರ ಟ್ರಾಫಿಕ್‌ನ ಪ್ರತಿ ಕಳುಹಿಸಿ), ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೆಟ್ ನೋಡುವ ವೈರ್‌ಶಾರ್ಕ್ ತೆರೆದು, ಒಂದು ಕರೆ ಮಾಡಿ. ಇದನ್ನು ಬ್ಯಾಕಪ್ ಇಲ್ಲದಾಗ ಮಾಡಿ, ಆಗ ಮಿರರ್ ಪೋರ್ಟ್ ತುಂಬುವುದಿಲ್ಲ. ಮಾತು ಸಾಗಿಸುವ ಆರ್‌ಟಿಪಿ ಪ್ಯಾಕೆಟ್ ಬಿಡಿಸಿ ನೋಡಿದರೆ ಐಪಿ ಸಾಲಿನಲ್ಲಿ ಡಿಎಸ್‌ಸಿಪಿ ಕಾಣುತ್ತದೆ. ಅಲ್ಲಿ ಇಎಫ್ 46 ಇರಬೇಕು. 0 ಇದ್ದರೆ ಫೋನ್ ಬರೆದೇ ಇಲ್ಲ, ಇಲ್ಲವೇ ಮೊದಲ ಸ್ವಿಚ್ ಅಳಿಸಿದೆ. ಕಂಪ್ಯೂಟರ್‌ನಲ್ಲೇ ಓಡುವ ಸಾಫ್ಟ್‌ಫೋನ್ ಬಳಸುವವರಿದ್ದರೆ ಅವರದ್ದು ಬಹುಪಾಲು 0 ಇರುತ್ತದೆ, ವಿಂಡೋಸ್‌ನಲ್ಲಿ ಅದಕ್ಕೆ ಗ್ರೂಪ್ ಪಾಲಿಸಿಯಿಂದ ಗುರುತು ಬರೆಸಬೇಕಾಗುತ್ತದೆ, ಮತ್ತು ಆ ಪೋರ್ಟ್‌ಗಳ ಪಾಲಿಸಿಯಲ್ಲೂ ಅದಕ್ಕೆ ಜಾಗ ಬಿಡಬೇಕು. ಇನ್ನೊಂದು ಪರೀಕ್ಷೆ: ಗುರುತನ್ನು ನಂಬುವಂತೆ ಸೆಟ್ ಮಾಡಿದ ಪೋರ್ಟಿಗೆ ಒಂದು ಲಿನಕ್ಸ್ ಯಂತ್ರ ಹಾಕಿ, ಬ್ಯಾಕಪ್ ನಡೆಯುತ್ತಿರುವಾಗ ಐಪರ್ಫ್3 ಎಂಬ ವೇಗ ಪರೀಕ್ಷಿಸುವ ಸಾಫ್ಟ್‌ವೇರ್‌ನಲ್ಲಿ 2 ಎಂಬಿಪಿಎಸ್ ಯುಡಿಪಿಯನ್ನು ಎರಡು ಸಲ ಕಳುಹಿಸಿ, ಒಮ್ಮೆ ಟಿಓಎಸ್ (ಡಿಎಸ್‌ಸಿಪಿ ಇರುವ ಪೂರ್ತಿ ಬೈಟ್) 0, ಇನ್ನೊಮ್ಮೆ 184. 46 ಎಂಬುದು ಪೂರ್ತಿ ಬೈಟ್‌ನಲ್ಲಿ 184 ಆಗುತ್ತದೆ, ಗಾಬರಿ ಬೇಡ. 184ರಲ್ಲಿ ನಷ್ಟ ಸೊನ್ನೆ, 0ಯಲ್ಲಿ ಸ್ವಲ್ಪ ನಷ್ಟ ಬಂದರೆ ಕ್ಯೂ ನಿಜಕ್ಕೂ ಬೇರೆಯಾಗಿದೆ. ಎರಡರಲ್ಲೂ ಒಂದೇ ತರಹ ನಷ್ಟ ಇದ್ದರೆ ಎರಡೂ ಒಂದೇ ಕ್ಯೂನಲ್ಲಿವೆ, ಮ್ಯಾಪ್ ಟೇಬಲ್‌ಗೆ ಮರಳಿ ಹೋಗಿ.

ಇಷ್ಟಾದ ಮೇಲೂ ಹೊರಗಿನ ಕರೆ ಮಾತ್ರ ತುಂಡಾಗುತ್ತಿದ್ದರೆ ಆಗ ರೂಟರ್ ಕಡೆ ನೋಡಿ. ಸ್ವಿಚ್‌ನಿಂದ ರೂಟರ್‌ಗೆ ಗಿಗಾಬಿಟ್, ರೂಟರ್‌ನಿಂದ ಹೊರಗೆ ಲೈನ್ 100 ಎಂಬಿಪಿಎಸ್ ಇದ್ದರೆ ಸಾಲು ನಿಲ್ಲುವುದು ರೂಟರ್‌ನಲ್ಲಿ ಅಥವಾ ಅದರಾಚೆಯ ಮೋಡೆಮ್‌ನಲ್ಲಿ. ಸ್ವಿಚ್‌ಗೆ ಅದು ಕಾಣುವುದೇ ಇಲ್ಲ. ರೂಟರ್‌ನಲ್ಲಿ ಹೊರಹೋಗುವ ವೇಗವನ್ನು ಲೈನಿನ ಶೇ. 90ರಿಂದ 95ಕ್ಕೆ ಶೇಪ್ ಮಾಡಿದರೆ (ಅಷ್ಟಕ್ಕೇ ಮಿತಿಗೊಳಿಸಿದರೆ) ಸಾಲು ನಿಮ್ಮ ಕೈಯಲ್ಲಿರುವ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ, ಅಲ್ಲಿ ಮಾತನ್ನು ಮುಂದೆ ಬಿಡಬಹುದು. ಇಂಟರ್ನೆಟ್ ದಾಟಿದ ಮೇಲೆ ನಿಮ್ಮ 46ಕ್ಕೆ ಬೆಲೆ ಸಿಗುತ್ತದೆ ಎಂದು ಮಾತ್ರ ನಂಬಬೇಡಿ.

ವೈಫೈ ಫೋನ್‌ಗಳಿದ್ದರೆ ಒಂದು ಸಣ್ಣ ಮಾತು. ಕೆಲವು ಆಕ್ಸೆಸ್ ಪಾಯಿಂಟ್‌ಗಳು ಡಿಎಸ್‌ಸಿಪಿಯ ಮೊದಲ 3 ಬಿಟ್ ಮಾತ್ರ ನೋಡುತ್ತವೆ. 46ರ ಮೊದಲ 3 ಬಿಟ್ ಎಂದರೆ 5, ವೈಫೈನಲ್ಲಿ 5 ವಿಡಿಯೋ ವರ್ಗಕ್ಕೆ ಸೇರುತ್ತದೆ, ಮಾತಿನ ವರ್ಗ 6 ಮತ್ತು 7. 46ನ್ನು 6ಕ್ಕೆ ಮ್ಯಾಪ್ ಮಾಡಿ ಎಂದು 2018ರ ಇಂಟರ್ನೆಟ್ ನಿಯಮ ದಾಖಲೆ ಆರ್‌ಎಫ್‌ಸಿ 8325 ಹೇಳುತ್ತದೆ. ನಿಮ್ಮ ಕಂಟ್ರೋಲರ್‌ನಲ್ಲಿ ಆ ಮ್ಯಾಪ್ ಬದಲಿಸಲು ಬಂದರೆ ಬದಲಿಸಿ.

ಒಂದೇ ಸಲ ಎಲ್ಲ ಬದಲಿಸಬೇಡಿ. ಮೊದಲು ಈಗಿನ ಕಾನ್ಫಿಗರೇಶನ್ ಫೈಲ್ ಇಳಿಸಿಟ್ಟುಕೊಂಡು ಪೋರ್ಟ್ ಪ್ರಯಾರಿಟಿ 7 ಮತ್ತು ಪೂರ್ತಿ ಸ್ಟ್ರಿಕ್ಟ್ ತೆಗೆಯಿರಿ, ಫೈಲ್ ಸರ್ವರ್ ಅಷ್ಟಕ್ಕೇ ಎದ್ದು ಕೂರಬೇಕು. ಆಮೇಲೆ ಒಂದು ದಿನದ ಬ್ಯಾಕಪ್ ಸಮಯದ ಡ್ರಾಪ್ ಕೌಂಟರ್ ಬರೆದಿಟ್ಟುಕೊಳ್ಳಿ. ಆ ಅಂಕಿ, ಸ್ವಿಚ್‌ನ ಮಾಡೆಲ್, ಡಿಎಸ್‌ಸಿಪಿ ಮ್ಯಾಪ್ ಟೇಬಲ್‌ನ ಚಿತ್ರ, ಈ ಮೂರನ್ನು ಕಳುಹಿಸಿದರೆ ಕ್ಯೂಗಳ ವೆಯ್ಟ್ ಎಷ್ಟಿರಬೇಕು ಎಂದು ನಿಮ್ಮ ಸ್ವಿಚ್‌ಗೇ ಸರಿಹೊಂದುವಂತೆ ಹೇಳುತ್ತೇನೆ.